ವೆಂಕಟರಾಮು ಹೇಳಿದ ಐದಡಿ

ಅಮೆರಿಕದ ಬೋಲಿಂಗ್‌ಬ್ರೂಕಿನಲ್ಲಿ ಕನ್ನಡದವರ ಮನೆ ಎಷ್ಟಿವೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ವೆಂಕಟರಾಮು ಅವರಿಗೆ ಆ ಲೆಕ್ಕ ಗೊತ್ತಿಲ್ಲ. ಆದರೆ ಯಾರ ಮನೆಯ ಯಾವ ನಲ್ಲಿ ಸೋರುತ್ತದೆ, ಮಳೆ ಬಂದರೆ ಯಾರ ಬೇಸ್‌ಮೆಂಟಿನಲ್ಲಿ ಚಪ್ಪಲಿ ತೇಲುತ್ತದೆ ಎಂಬುದು ಬಾಯಿಪಾಠ. ಡಾಕ್ಟರು, ಎಂಜಿನಿಯರು, ಕಂಪ್ಯೂಟರಿನವರು ತುಂಬಿರುವ ಆ ಜನರ ನಡುವೆ ಉಗುರಿನ ಸಂದಿಯಲ್ಲಿ ಮಣ್ಣಿಟ್ಟುಕೊಂಡು ಓಡಾಡುವವರು ಅವರೊಬ್ಬರೇ. ಗಣೇಶನ ಹಬ್ಬಕ್ಕೆ ಮನೆಮನೆಯಿಂದ ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿನಲ್ಲಿ ತಟ್ಟೆ ಹಿಡಿದು ನಿಂತರೆ ಸಾಕು, ಯಾರಾದರೂ ಪಕ್ಕಕ್ಕೆ ಬಂದು ಹೇಗಿದೀರಾ ಅಂಕಲ್ ಎನ್ನುತ್ತಾರೆ. ಎರಡನೆಯ ಮಾತಿಗೆ ಚಳಿ ಶುರುವಾಯಿತು ಎನ್ನುತ್ತಾರೆ. ಮೂರನೆಯ ಮಾತಿಗೆ ಅವರ ಮನೆಯ ಫ್ಲಶ್ ಕೆಟ್ಟಿರುವ ಸಮಾಚಾರ ಬಂದೇ ಬರುತ್ತದೆ.

ಆಗುವುದಿಲ್ಲ ಎನ್ನಲು ವೆಂಕಟರಾಮು ಅವರಿಗೆ ಬಾಯಿ ಬರುವುದಿಲ್ಲ. ಅರವತ್ನಾಲ್ಕು ವರ್ಷದ ಮಂಡಿಗಳೆರಡೂ ಅವರ ಪರವಾಗಿ ಆಗುವುದಿಲ್ಲ, ಆಗುವುದಿಲ್ಲ ಎಂದು ಲಟಲಟ ಕೂಗುತ್ತವೆ, ಕೇಳುವವರಿಲ್ಲ. ಆ ಮಂಡಿಗಳ ವಿಷಯವೇ ಬೇರೆ. ಎಡಗಡೆಯದು ಮಳೆ ಹೇಳುತ್ತದೆ, ಬಲಗಡೆಯದು ಹಿಮ ಹೇಳುತ್ತದೆ, ಅದೂ ಟೀವಿಯವನಿಗಿಂತ ಎರಡು ದಿನ ಮುಂಚೆ. ಹಾಗಂತ ಅವರೇ ಹೇಳಿಕೊಳ್ಳುತ್ತಾರೆ.

ಹೊಟ್ಟೆಪಾಡಿನ ಕೆಲಸ ಎಲ್ಕ್ ಗ್ರೋವ್ ವಿಲೇಜಿನಲ್ಲಿ. ಕತ್ತಲಿರುವಾಗಲೇ ಎದ್ದು, ಚಿಕ್ಕತಾಯಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಡಿದು ಮೂವತ್ತು ಮೈಲಿ ಡ್ರೈವ್ ಮಾಡಬೇಕು. ಅಲ್ಲಿ ಕಾರ್ಖಾನೆಗಳಿಗೆ, ಗೋದಾಮುಗಳಿಗೆ ನೆಲದಡಿ ನೀರಿನ ಪೈಪು ಹಾಕುವುದು. ಈಚೆಗೆ ಡೇಟಾ ಸೆಂಟರುಗಳಿಗೂ ಹಾಕುತ್ತಾರೆ. ಆ ಕಟ್ಟಡಗಳಲ್ಲಿ ನರಮನುಷ್ಯರು ಕಾಣುವುದಿಲ್ಲ, ಆದರೂ ಯಂತ್ರಗಳಿಗೆ ಅದೆಂಥದೋ ಬಾಯಾರಿಕೆ; ಒಂದೂರು ಕುಡಿಯುವ ನೀರನ್ನು ಒಂದೇ ಕಟ್ಟಡ ಕುಡಿಯುತ್ತದೆ. ಪೈಪು ಯಾವ ಕಟ್ಟಡಕ್ಕೇ ಹೋಗಲಿ, ಐದಡಿ ಆಳದಲ್ಲಿ ಹೋಗಬೇಕು. ಅಲ್ಲಿಯ ಚಳಿ ನೆಲದೊಳಗೆ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಐದಡಿ, ಐದಡಿ, ಐದಡಿ. ನಿದ್ದೆಯಲ್ಲಿ ಎಬ್ಬಿಸಿ ನಿಮ್ಮ ಹೆಸರೇನು ಎಂದು ಕೇಳಿದರೆ ಅವರು ಐದಡಿ ಎಂದಾರು ಎಂದು ಚಿಕ್ಕತಾಯಮ್ಮ ನಗುತ್ತಾರೆ.

ಅಮೆರಿಕಕ್ಕೆ ಬರುವ ಮುಂಚೆ ಅವರು ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿದ್ದರು. ಸೈನ್ಯದಲ್ಲಿ ರಸ್ತೆ, ಸೇತುವೆ, ನೀರು ಇಂಥವನ್ನು ನೋಡಿಕೊಳ್ಳುವ ಪಡೆ ಅದು. ಮಳವಳ್ಳಿ ಕಡೆಯ ಹುಡುಗ, ಅಲ್ಲಿಯತನಕ ಕಂಡಿದ್ದ ಮಂಜು ಎಂದರೆ ಐಸ್ ಕ್ಯಾಂಡಿ ಒಂದೇ. ಅಂಥವರನ್ನು ತೊಂಬತ್ತೊಂದರಲ್ಲಿ ಲದಾಖಿನ ಲುಂಗ್‌ದೋ ಎಂಬ ಊರಿನ ಮೇಲಿನ ಠಾಣೆಗೆ ನೀರಿನ ಪೈಪು ಹಾಕಲು ಕಳಿಸಿದರು. ಹಿಮ ಬಿದ್ದು ದಾರಿ ಮುಚ್ಚಿತು. ನಾಲ್ಕು ತಿಂಗಳು ಊರಿನವರ ಜೊತೆಗೇ ತಿಂದು ಮಲಗಿದ್ದಾಯಿತು.

ಆ ನಾಲ್ಕು ತಿಂಗಳಿಂದ ಅವರು ಮೂವತ್ತು ವರ್ಷಕ್ಕಾಗುವಷ್ಟು ಕತೆ ತೆಗೆದಿದ್ದಾರೆ. ಅಲ್ಲಿ ಹಾಲು ಕರೆದರೆ ಬಕೆಟ್ಟಿಗೆ ಚಾಕ್‌ಪೀಸು ಬೀಳುತ್ತಿತ್ತಂತೆ. ಸಿಪಾಯಿಗಳು ಅದರಲ್ಲೇ ಬಂಡೆಯ ಮೇಲೆ ಹಾಜರಿ ಬರೆದು, ಆಮೇಲೆ ಕಾಯಿಸಿ ಟೀ ಮಾಡಿಕೊಳ್ಳುತ್ತಿದ್ದರಂತೆ. ಒಂದು ಸಂಜೆ ಅವರ ನೆರಳು ಗೋಡೆಗೆ ಹೆಪ್ಪುಗಟ್ಟಿ ಅಂಟಿಕೊಂಡುಬಿಟ್ಟಿತಂತೆ. ಎರಡು ದಿನ ನೆರಳಿಲ್ಲದೆ ಡ್ಯೂಟಿ ಮಾಡಿ, ಬಿಸಿಲು ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬಂದರಂತೆ. ಇದನ್ನೆಲ್ಲ ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಹೇಳುತ್ತಾರೆ.

ಹೋದ ವರ್ಷ ಅಕ್ಟೋಬರಿನಲ್ಲಿ ಆ ಊರಿಂದಲೇ ಫೋನು ಬಂತು. ಅವರು ಊಟ ಮಾಡುತ್ತಿದ್ದ ಮನೆಯ ಮಗ ನವಾಂಗ್ ಈಗ ಊರಿನ ಯಜಮಾನ. ಹಳೆಯ ಸಿಪಾಯಿಗಳ ವಾಟ್ಸಾಪ್ ಗುಂಪಿನಿಂದ ಹೇಗೋ ನಂಬರು ಹಿಡಿದಿದ್ದ. ಮಾತೆಲ್ಲ ಹಿಂದಿಯಲ್ಲಿ, ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ. ಊರಿನ ತಲೆಯ ಮೇಲಿದ್ದ ಹಿಮನದಿ ವರ್ಷ ವರ್ಷ ಹಿಂದೆ ಸರಿಯುತ್ತಿದೆ ಎಂದು ನವಾಂಗ್ ಹೇಳಿದ. ಆಗ ಊರಿಂದ ಕೂಗಿದರೆ ಕೇಳುವಷ್ಟು ಹತ್ತಿರವಿದ್ದದ್ದನ್ನು ಈಗ ನೋಡಬೇಕಾದರೆ ಅರ್ಧ ದಿನ ಹತ್ತಬೇಕು. ಉಳಿದ ಹಿಮ ಕರಗಿ ನೀರು ಬರುವುದು ಜೂನಿಗೆ. ಬಾರ್ಲಿ ಬಿತ್ತುವುದು ಏಪ್ರಿಲ್ ಕೊನೆಗೆ. ನಡುವಿನ ದಿನಗಳಲ್ಲಿ ತೊರೆ ಒಣಗಿರುತ್ತದೆ. ಕುರಿ ಅರ್ಧಕ್ಕರ್ಧ ಮಾರಿದ್ದಾರೆ. ಯಾವ ಹೊಲ ಬಿತ್ತಬೇಕು, ಯಾವುದು ಬೀಳು ಬಿಡಬೇಕು ಎಂದು ಚೀಟಿ ಎತ್ತುತ್ತಾರೆ. ಬೇರೆ ಊರುಗಳಲ್ಲಿ ಮಾಡಿದಂತೆ ತಾವೂ ಚಳಿಗಾಲದ ತೊರೆಯ ನೀರನ್ನು ಪೈಪಿನಲ್ಲಿ ಇಳಿಸಿ, ಊರಿನ ಪಕ್ಕ ಗಾಳಿಗೆ ಚಿಮ್ಮಿಸಿ, ಮಂಜುಗಡ್ಡೆಯ ಗುಡ್ಡ ಕಟ್ಟುತ್ತೇವೆ ಎಂದ. ಚಳಿಯಲ್ಲಿ ಕಟ್ಟಿದ ಗುಡ್ಡ ಏಪ್ರಿಲ್‌ನಲ್ಲಿ ಕರಗಿ ಹೊಲಕ್ಕೆ ನೀರಾಗುತ್ತದೆ. ನಲವತ್ತು ಮನೆಯವರು ಸೇರಿ ಪೈಪು ತಂದಿಟ್ಟುಕೊಂಡಿದ್ದಾರೆ. ಒಂದೇ ಪ್ರಶ್ನೆ, ಎಷ್ಟು ಆಳಕ್ಕೆ ಹೂಳಬೇಕು ಸಾಬ್?

ವೆಂಕಟರಾಮು ಆಗ ಎಲ್ಕ್ ಗ್ರೋವಿನ ಗುಂಡಿಯೊಳಗೆ ನಿಂತಿದ್ದರು. ಮೇಲೆ ಯಂತ್ರ ಗುರುಗುಟ್ಟುತ್ತಿತ್ತು. ಒಂದು ಕೈಯಲ್ಲಿ ಅಳತೆ ಟೇಪು, ಒಂದು ಕೈಯಲ್ಲಿ ಫೋನು. ಐದಡಿ, ಧಾರಾಳ ಸಾಕು ಎಂದರು.

ಊರಿನವರು ಹದಿನೈದು ದಿನ ಅಗೆದರು. ಐದು ಅಂದರೆ ಐದು, ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಡಿಸೆಂಬರಿನಲ್ಲಿ ನೀರು ಚಿಮ್ಮಿತು. ನವಾಂಗ್ ಫೋಟೋ ಕಳಿಸಿದ. ಆ ಚಿಮ್ಮುವ ಕೊಳವೆಗೆ ರಾಮು ಸಾಬರ ನಲ್ಲಿ ಎಂದು ಹೆಸರಿಟ್ಟಿದ್ದರು. ವೆಂಕಟರಾಮು ಆ ಫೋಟೋವನ್ನು ತಮ್ಮ ಬಡಾವಣೆಯ ಎಲ್ಲರಿಗೂ ತೋರಿಸಿದರು, ಫ್ಲಶ್ ಕೆಟ್ಟವರಿಗೆ ಎರಡೆರಡು ಸಲ.

ಜನವರಿಯಲ್ಲಿ ಪೈಪು ಹೆಪ್ಪುಗಟ್ಟಿ ಸೀಳಿತು. ಅಷ್ಟೊತ್ತಿಗೆ ಗುಡ್ಡ ಎರಡಾಳು ಎತ್ತರವಾಗಿತ್ತು, ಎಂಟಾಳು ಆಗಬೇಕಿತ್ತು. ಇದ್ದದ್ದು ಏಪ್ರಿಲ್ ಮೊದಲ ವಾರಕ್ಕೇ ಕರಗಿತು. ಮೇಲಿನ ಹೊಲಗಳಿಗೆ ಬಿತ್ತನೆಯೇ ಇಲ್ಲ.

ತಪ್ಪು ಯಾರದು ಎಂದು ಊರು ಹುಡುಕಿತು. ದೂರ ಹೋಗಬೇಕಾಗಲಿಲ್ಲ. ನೀರು ನಿಧಾನವಾದರೆ ತಕ್ಷಣ ಪೈಪು ಖಾಲಿ ಮಾಡಲು ದಿನಕ್ಕೊಬ್ಬರು ವಾಲ್ವಿನ ಹತ್ತಿರ ಕಾವಲಿರುವ ಕಟ್ಟುಪಾಡು ಮಾಡಿಕೊಂಡಿದ್ದರು. ಪೈಪು ಸೀಳಿದ ದಿನದ ಪಾಳಿ ರಿಗ್ಜಿನ್ ಎಂಬವನದು. ಅವನು ಊರಿನ ನೀರುಗಂಟಿ. ನಮ್ಮ ಕಡೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದವರಂತೆ, ಯಾರ ಹೊಲಕ್ಕೆ ಯಾವಾಗ ಎಷ್ಟು ನೀರು ಎಂದು ಅಲ್ಲಿಯೂ ಒಬ್ಬ ಹಂಚುತ್ತಾನೆ. ಅವನಪ್ಪ ಮೂವತ್ತು ವರ್ಷ ಅದೇ ಕೆಲಸ ಮಾಡಿದವನು. ರಿಗ್ಜಿನ್ ನಿದ್ದೆ ಹೋದ ಎಂದರು. ಹೋಗಲಿಲ್ಲ ಎಂದು ಅವನು ಎರಡು ತಿಂಗಳು ಹೇಳಿದ. ಆಮೇಲೆ ಹೋಗಿದ್ದರೂ ಹೋಗಿರಬಹುದು ಎಂದು ತಾನೇ ಅನ್ನತೊಡಗಿದ. ನೀರುಗಂಟಿತನ ಕಿತ್ತುಕೊಂಡರು. ಅಪ್ಪ ಊರೆದುರು ಮಗನನ್ನು ಬೈದು, ಆಮೇಲೆ ಮಾತು ಬಿಟ್ಟ.

ಇದನ್ನೆಲ್ಲ ನವಾಂಗ್ ಹೇಳಿದಾಗ ವೆಂಕಟರಾಮು ಅಯ್ಯೋ ಪಾಪ ಎಂದಿದ್ದರು. ಒಬ್ಬನ ನಿದ್ದೆಗೆ ನಲವತ್ತು ಮನೆ ಅನುಭವಿಸಬೇಕಾಯಿತಲ್ಲ ಎಂದೂ ಸೇರಿಸಿದ್ದರು.

ಈ ವರ್ಷದ ಅಕ್ಟೋಬರು ಬಂತು. ಮೊಮ್ಮಗಳು ಗಗನಾಳ ಹುಟ್ಟುಹಬ್ಬ. ವುಡ್‌ರಿಡ್ಜಿನಲ್ಲಿರುವ ಮಗಳು ಲತಾಶ್ರೀಯ ಮನೆಯಲ್ಲಿ ಹನ್ನೆರಡು ಮಕ್ಕಳು ಕೇಕು ತಿಂದು ಕಾರ್ಪೆಟ್ಟಿನ ಮೇಲೆ ಬಿದ್ದುಕೊಂಡಿದ್ದವು. ತಾತ ಒಂದು ಕತೆ ಹೇಳಲಿ ಎಂದು ಲತಾಶ್ರೀ ಅವರನ್ನು ಸೋಫಾದಲ್ಲಿ ಕೂರಿಸಿದಳು. ಅಂದು ಬೆಳಗ್ಗೆಯಷ್ಟೇ ಯಾರದೋ ಬೇಸ್‌ಮೆಂಟಿನ ಸಂಪ್ ಪಂಪು ಎತ್ತಿ ಬಂದಿದ್ದ ಸೊಂಟ ಸೋಫಾ ಸಿಕ್ಕಿದ್ದಕ್ಕೆ ನಿಟ್ಟುಸಿರು ಬಿಟ್ಟಿತು. ಯಾವುದೋ ಒಂದು ಹಳೆಯದನ್ನು ಹೇಳಿ ಮುಗಿಸೋಣ ಎಂದು ಲುಂಗ್‌ದೋದ ಇಲಿಯ ಕತೆ ಎತ್ತಿಕೊಂಡರು. ಐವತ್ತು ಸಲ ಹೇಳಿದ ಕತೆ ಅದು.

“ಅಲ್ಲಿ ಒಂದು ನೆರಳಿನ ತಿರುವು. ಮೂರು ತಿಂಗಳು ಸೂರ್ಯ ಆ ಕಡೆ ತಲೆ ಹಾಕಲ್ಲ. ಪೈಪ್ ಹೂಳಕ್ಕೆ ಅಂತ ಅಗೆದ್ವಿ. ಐದಡಿಗೆ ಮಣ್ಣು ಕಲ್ಲು. ಆರಡಿಗೆ ಕಲ್ಲು. ಏಳಡಿಗೆ ಗುದ್ದಲಿ ಎರಡು ತುಂಡು. ಎಂಟಡಿಗೆ ಹೋದ್ವಿ ನೋಡಿ, ಮಣ್ಣು ಮೆತ್ತಗೆ ಸಿಕ್ತು...”

ಅಷ್ಟು ಹೇಳಿ ನಿಂತುಬಿಟ್ಟರು. ಕತೆಯ ಪ್ರಕಾರ ಆ ಮೆತ್ತನೆಯ ಮಣ್ಣಿನಲ್ಲಿ ಒಂದು ಇಲಿಯ ಸಂಸಾರ ಸೆಕೆ ತಾಳಲಾರದೆ ಬನಿಯನ್ನಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿರಬೇಕು. ಮಕ್ಕಳು ಇಲಿಗಾಗಿ ಕಾದವು. ಇಲಿ ಬರಲಿಲ್ಲ.

“ತಾತ, ದೆನ್ ವಾಟ್?” ಎಂದಳು ಗಗನಾ.

ಆಮೇಲೆ ಹೇಳುತ್ತೇನೆ ಎಂದು ಎದ್ದು ಅವರು ಗರಾಜಿಗೆ ಹೋದರು. ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೈಯೂರಿ ನಿಂತರು. ಇಲಿ ಸುಳ್ಳು, ಬೀಸಣಿಗೆ ಸುಳ್ಳು, ಬನಿಯನ್ನೂ ಸುಳ್ಳು. ಎಂಟಡಿ ಮಾತ್ರ ನಿಜ; ಆ ತಿರುವಿನಲ್ಲಿ ಚಳಿ ಅಲ್ಲಿಯತನಕ ಇಳಿಯುತ್ತದೆ. ತಮ್ಮ ಕೈಯಲ್ಲೇ ಅಗೆದಿದ್ದರು. ಹೋದ ವರ್ಷ ಊರಿನವರ ಪೈಪು ಹೋದದ್ದೂ ಅದೇ ತಿರುವಿನಲ್ಲಿ, ಐದಡಿಯಲ್ಲಿ. ರಿಗ್ಜಿನ್ ಹತ್ತು ಕಣ್ಣು ಬಿಟ್ಟುಕೊಂಡು ಕೂತಿದ್ದರೂ ಅದು ಉಳಿಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ನವಾಂಗ್‌ಗೆ ಫೋನು ಮಾಡಿದರು. ನಿಜ ಹೇಳಬೇಕೆಂದೇ ಮಾಡಿದ್ದು. ಆದರೆ ಅವರ ನಾಲಿಗೆ ಹುಟ್ಟಿನಿಂದ ಡೊಂಕುದಾರಿಗೆ ಒಗ್ಗಿದ್ದು, ನೇರ ರಸ್ತೆ ಕಂಡರೆ ಕಾಲು ಕೀಳುತ್ತದೆ. ಹವಾಮಾನ ಬದಲಾಗಿದೆ, ಅಮೆರಿಕದಲ್ಲಿ ಹೊಸ ನಿಯಮ ಬಂದಿದೆ, ಈಗೆಲ್ಲ ನೆರಳಿನ ಜಾಗದಲ್ಲಿ ಎಂಟಡಿ ಎಂದರು. ನವಾಂಗ್‌ಗೆ ಬಹಳ ಸಂತೋಷವಾಯಿತು. ತಿರುವು ನಾನೂರು ಅಡಿ ಉದ್ದ, ನೆಲ ಗಟ್ಟಿಯಾಗಲು ಇನ್ನೂ ಎರಡು ವಾರವಿದೆ, ಪೈಪು ಎತ್ತಿ ಆಳ ಮಾಡಿಬಿಡುತ್ತೇವೆ ಎಂದ. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ವೆಂಕಟರಾಮು ಕಾಫಿ ಲೋಟ ಎತ್ತಿಕೊಂಡರು.

ಅಷ್ಟರಲ್ಲಿ ನವಾಂಗ್ ಮಾತಿನ ಮಧ್ಯೆ ಸುಮ್ಮನೆ ಹೇಳುವಂತೆ, ಅಗೆಯಲು ಒಂದು ಆಳು ಕಡಿಮೆ ಎಂದ. ರಿಗ್ಜಿನ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಭಾನುವಾರದ ಲಾರಿಗೆ ಲೇಹ್‌ಗೆ ಹೊರಟಿದ್ದಾನೆ, ಯಾವುದೋ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸವಂತೆ. ಶನಿವಾರ ಸಂಜೆ ಊರು ಸೇರಿ ಅವನ ಪಾಲಿನ ನೀರನ್ನು ಉಳಿದವರಿಗೆ ಹಂಚುತ್ತದೆ.

ಎತ್ತಿದ ಲೋಟವನ್ನು ಕೆಳಗಿಟ್ಟರು. ಆ ಊರಿನಲ್ಲಿ ನೀರಿನ ಪಾಲು ಹಂಚಿಹೋದರೆ ಮತ್ತೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೊಲ ಇರುತ್ತದೆ, ಮನೆ ಇರುತ್ತದೆ, ಮನೆತನ ಮುಗಿದಿರುತ್ತದೆ. ಅವರ ದೊಡ್ಡಪ್ಪನೂ ಮಳವಳ್ಳಿಯ ಹತ್ತಿರ ನೀರುಗಂಟಿಯಾಗಿದ್ದವರೇ. ಒಂದು ವರ್ಷ ತೂಬಿನ ವಿಷಯದಲ್ಲಿ ಸಣ್ಣ ಅನುಮಾನ ಬಂದದ್ದಕ್ಕೆ ಅವರ ಅಂಗಳಕ್ಕೆ ಜನ ಬರುವುದು ನಿಂತಿತ್ತು.

ಮೂರು ದಿನ ಸುಮ್ಮನಿದ್ದರು. ಕೆಲಸಕ್ಕೆ ಹೋದರು, ಬಂದರು, ಊಟಕ್ಕೆ ಕೂತಲ್ಲೇ ತೂಕಡಿಸಿದರು. ಶುಕ್ರವಾರ ಸಂಜೆ ಚಿಕ್ಕತಾಯಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡನ ಕತೆಯಲ್ಲಿ ಒಂದು ಪ್ರಾಣಿಯೂ ಬರಲಿಲ್ಲವಲ್ಲ ಎಂದು ಆಕೆ ತಲೆಯೆತ್ತಿ ನೋಡಿದರು.

“ಹಂಗಾರೆ ಫೋನ್ ಮಾಡಿ ಹೇಳಿ. ಅದಕ್ಯಾಕೆ ಮುಖ ಹಿಂಗ್ ಮಾಡ್ಕೊಂಡಿದೀರ?”

“ಪ್ರಪಂಚದಲ್ಲಿ ಒಂದೂರಲ್ಲಿ ನನ್ನ ಸಾಬ್ ಅಂತಾರೆ ಕಣೆ.”

“ಇಲ್ಲಿ ಅಂಕಲ್ ಅಂತಾರಲ್ಲ.”

“ಅಂಕಲ್ ಅನ್ನೋದು ಫ್ಲಶ್ ಸರಿ ಮಾಡ್ಲಿ ಅಂತ.”

ಚಿಕ್ಕತಾಯಮ್ಮ ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿ ಕವರಿಗೆ ಹಾಕಿದರು. “ರೀ, ಇಷ್ಟು ವರ್ಷ ಬರೀ ಸುಳ್ಳು ಹೇಳ್ಕೊಂಡು ಬಂದ್ರಿ, ಯಾರಿಗೂ ಏನೂ ಆಗ್ಲಿಲ್ಲ. ಈ ಒಂದು ಸುಳ್ಳಿಗೆ ಒಂದು ಮನೆ ಹೋಯ್ತದೆ” ಎಂದು ಎದ್ದು ಒಳಗೆ ಹೋದರು.

ಶನಿವಾರ ಬೆಳಗ್ಗೆ ಏಳೂವರೆಗೆ ಫೋನು ಮಾಡಿದರು. ಅಲ್ಲಿ ಸಂಜೆ ಆರು. ನವಾಂಗ್ ಫೋನನ್ನು ಸಭೆಯ ನಡುವೆ ಸ್ಪೀಕರಿನಲ್ಲಿಟ್ಟ. ನೀರು ಹಂಚುವ ಮೊದಲು ರಾಮು ಸಾಬ್ ಎರಡು ಮಾತಾಡುತ್ತಾರಂತೆ ಎಂದ. ಜನರ ಕೆಮ್ಮು ಕೇಳಿಸಿತು, ಲೋಟದ ಸದ್ದು ಕೇಳಿಸಿತು.

ವೆಂಕಟರಾಮು ಹೇಳಿದರು. ಹೊಸ ನಿಯಮ ಯಾವುದೂ ಇಲ್ಲ. ತಿರುವಿಗೆ ಎಂಟಡಿ ಬೇಕೆಂದು ತೊಂಬತ್ತೊಂದರಲ್ಲೇ ತಮಗೆ ಗೊತ್ತಿತ್ತು. ಇಲ್ಲಿಯ ಅಭ್ಯಾಸಬಲದಿಂದ ಯೋಚಿಸದೆ ಐದಡಿ ಎಂದುಬಿಟ್ಟರು. ಪೈಪು ಸೀಳಿದ್ದು ತಮ್ಮ ಮಾತಿನಿಂದ, ರಿಗ್ಜಿನನ ನಿದ್ದೆಯಿಂದಲ್ಲ.

ಅತ್ತ ಕಡೆ ಒಬ್ಬ ನಕ್ಕ. ಇನ್ನಿಬ್ಬರು ನಕ್ಕರು. ಆಮೇಲೆ ಸಭೆಯೇ ನಕ್ಕಿತು. ಸಾಬ್ ನೆರಳು ಕಳೆದುಕೊಂಡ ಕತೆ ಅಲ್ಲಿಯೂ ಮಕ್ಕಳಿಗೆಲ್ಲ ಗೊತ್ತಿತ್ತು.

“ದೊಡ್ಡ ಮನಸ್ಸು ಸಾಬ್ ನಿಮ್ದು” ಎಂದ ನವಾಂಗ್. “ಅವನ ಮರ್ಯಾದೆ ಉಳಿಸೋಕೆ ಹೇಳ್ತಿದೀರ, ನಮಗೆ ಗೊತ್ತಾಗಲ್ವಾ.”

ವೆಂಕಟರಾಮು ಅವರಿಗೆ ಸುಸ್ತಾಯಿತು. ಅರವತ್ನಾಲ್ಕು ವರ್ಷದಲ್ಲಿ ಎಷ್ಟು ಗುಂಡಿ ತೋಡಿದ್ದರೋ, ಅಷ್ಟಕ್ಕೂ ಒಟ್ಟಿಗೆ ಸುಸ್ತಾದ ಹಾಗೆ. ಎಂಥೆಂಥ ಸುಳ್ಳನ್ನು ಎಷ್ಟು ಸಲೀಸಾಗಿ ನಂಬಿಸಿದವರು, ಒಂದು ನಿಜ ನಂಬಿಸಲು ಬೆವರುತ್ತಿದ್ದರು. ಕೊನೆಗೆ ಕೇಳಿದರು:

“ತಿರುವಲ್ಲಿ ದೊಡ್ಡ ಬಂಡೆ ಇದೆಯಲ್ಲ, ಮುಳ್ಳುಗಿಡದ ಹಿಂದೆ. ಅದರ ಮೇಲೆ ಏನು ಕೆತ್ತಿದೆ?”

ಅತ್ತ ಗುಸುಗುಸು ನಡೆಯಿತು. ಯಾವುದೋ ಹೆಂಗಸಿನ ದನಿ, ಎಂಟು ಅಂತ ಇದೆ, ಹಳೆಯ ಠಾಣೆಯ ನಂಬರು ಎಂದಿತು.

“ಠಾಣೆ ನಂಬರಲ್ಲ ತಾಯಿ. ಪೈಪ್ ಹೂತ ಮೇಲೆ ಆಳ ಎಷ್ಟು ಅಂತ ಪಕ್ಕದ ಕಲ್ಲಲ್ಲಿ ಕೆತ್ತೋದು ನಮ್ಮ ಸ್ಯಾಪರ್‌ಗಳ ಪದ್ಧತಿ. ಕೆತ್ತಿದ್ದು ನಾನೇ.”

ಯಾರೂ ನಗಲಿಲ್ಲ. ಆಮೇಲೆ ಒಬ್ಬನ ದನಿ ಬಂತು. ಹೆಸರು ಹೇಳದಿದ್ದರೂ ಯಾರೆಂದು ತಿಳಿಯಿತು.

“ಹಾಗಾದ್ರೆ ನಾನು ಮಲಗಿರ್ಲಿಲ್ವಾ ಸಾಬ್?”

“ಮಲಗಿದ್ಯೋ ಎದ್ದಿದ್ಯೋ ನಂಗೊತ್ತಿಲ್ಲ ಕಣಪ್ಪ. ಎದ್ದಿದ್ರೂ ಆ ಪೈಪ್ ಉಳೀತಿರ್ಲಿಲ್ಲ. ತಪ್ಪು ನಂದು.”

“ಇನ್ನೊಂದ್ಸಲ ಜೋರಾಗಿ ಹೇಳಿ. ನಮ್ಮಪ್ಪಂಗೆ ಕಿವಿ ಮಂದ” ಎಂದ ರಿಗ್ಜಿನ್.

ಫೋನು ಕೈಯಿಂದ ಕೈಗೆ ಹೋಗುವ ಸದ್ದು. ವೆಂಕಟರಾಮು ಎದ್ದು ನಿಂತು, ಮೈದಾನದಲ್ಲಿ ಹಾಜರಿ ಕೂಗುವ ದನಿಯಲ್ಲಿ ಮತ್ತೆ ಹೇಳಿದರು. ಮುದುಕನಿಗೆ ಅರ್ಧ ಕೇಳಿಸಿತು. ಮೂರನೆಯ ಸಲ ಹೇಳಿದರು. ಪಕ್ಕದ ಮನೆಯ ಅಮೆರಿಕದವನು ಕಿಟಕಿಯ ಪರದೆ ಸರಿಸಿ ನೋಡಿದ.

ಮುದುಕ ಹರುಕು ಹಿಂದಿಯಲ್ಲಿ, ಅಂದು ಆ ಗುಂಡಿ ತೋಡುವಾಗ ಮೇಲಿನ ಹೆಪ್ಪು ಮಣ್ಣು ಕರಗಲಿ ಎಂದು ಎರಡು ದಿನ ಬೆರಣಿ ಉರಿಸಿದ್ದು ನಾನೇ ಎಂದ. ಎಂಟಡಿ ಎಂಬುದು ನನಗೂ ನೆನಪಿತ್ತು. ನೀವು ಐದು ಅಂದಿರಿ. ಅಮೆರಿಕದಲ್ಲಿರುವವರು ಹೇಳಿದ ಮೇಲೆ ನಾನೇನು ಹೇಳಲಿ ಎಂದು ಬಾಯಿ ಮುಚ್ಚಿಕೊಂಡೆ. ಮಗನ ಮೇಲೆ ಮಾತ್ರ ಬಾಯಿ ಮಾಡಿದೆ.

ಫೋನು ಮತ್ತೆ ನವಾಂಗ್‌ನ ಕೈಗೆ ಬಂತು. ಈವತ್ತು ನೀರು ಹಂಚುವುದಿಲ್ಲ ಎಂದು ಚುಟುಕಾಗಿ ಹೇಳಿ ಇಟ್ಟುಬಿಟ್ಟ. ಸಾಬ್ ಎನ್ನಲಿಲ್ಲ.

ಒಂದು ವಾರ ಆ ಕಡೆಯಿಂದ ಸುದ್ದಿಯಿಲ್ಲ. ಕೊನೆಗೆ ಬಂದ ಸಣ್ಣ ಮೆಸೇಜಿನಲ್ಲಿ, ಇನ್ನು ಮುಂದೆ ಪೈಪಿನ ವಿಷಯ ಲೇಹ್‌ನ ಒಬ್ಬ ಎಂಜಿನಿಯರ್ ಹುಡುಗಿಯನ್ನು ಕೇಳುತ್ತೇವೆ, ಆಕೆ ಬಂದು ಕಣ್ಣಾರೆ ನೋಡಿ ಹೋಗುತ್ತಾಳೆ ಎಂದಿತ್ತು. ಅದೇ ಸರಿ ಎಂದು ವೆಂಕಟರಾಮು ಉತ್ತರ ಬರೆದರು. ಬರೆದು, ಕಳಿಸುವ ಮುಂಚೆ ಎರಡು ನಿಮಿಷ ಹಾಗೇ ಹಿಡಿದುಕೊಂಡಿದ್ದರು. ರಿಗ್ಜಿನನ ಹೆಂಡತಿ ಮಕ್ಕಳು ಭಾನುವಾರದ ಲಾರಿಗೆ ಹೋದರಂತೆ. ಮಕ್ಕಳನ್ನು ಅಲ್ಲಿಯ ಶಾಲೆಗೆ ಆಗಲೇ ಸೇರಿಸಿಯಾಗಿತ್ತು. ಅವನು ಮಾತ್ರ ಸಾಮಾನು ಇಳಿಸಿಕೊಂಡು ನಿಂತನಂತೆ. ಈ ಚಳಿಗಾಲ ನೋಡುತ್ತೇನೆ ಎಂದನಂತೆ, ಅಷ್ಟೇ.

ಮೊನ್ನೆ ಎಲ್ಕ್ ಗ್ರೋವಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ನೆರಳಿನ ತಿರುವು, ಉದ್ದಕ್ಕೆ ತೋಡಿದ ಗುಂಡಿ, ದಂಡೆಯ ಮೇಲೆ ಕಂಬಳಿ ಹೊದ್ದು ಕೂತ ಮುದುಕ. ಗುಂಡಿಯೊಳಗೆ ಯಾರೋ ನಿಂತಿದ್ದಾರೆ, ಮೇಲೆತ್ತಿದ ಗುದ್ದಲಿಯ ತುದಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಕೆಳಗೆ ನವಾಂಗ್ ಬರೆದಿದ್ದ: ರಿಗ್ಜಿನ್, ಏಳೂವರೆ.

ಇನ್ನೂ ಅರ್ಧ ಅಡಿ ಎಂದು ವೆಂಕಟರಾಮು ತಮ್ಮಷ್ಟಕ್ಕೆ ಹೇಳಿಕೊಂಡರು. ಡಬ್ಬಿ ಮುಚ್ಚಿ, ಎರಡು ಮಂಡಿಗಳನ್ನೂ ಒಂದೊಂದಾಗಿ ಸಮಾಧಾನ ಮಾಡಿ, ಏಣಿ ಹಿಡಿದು ತಮ್ಮ ಐದಡಿಯ ಗುಂಡಿಗೆ ಇಳಿದರು.